ಗಾಳಿ ಎಲ್ಲಿ ಸೋರುತ್ತಿದೆ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮಗ ಹಳೆಯ ಬೈಕಿನಲ್ಲಿ ಡೇರಿಗೆ ಹಾಲು ಒಯ್ಯುತ್ತಾನೆ. ಒಂದು ದಿನ ಬೈಕು ಕೆಟ್ಟಿತು. ಚೋಕ್ ಎಳೆದರೆ ಮಾತ್ರ ಸ್ಟಾರ್ಟ್ ಆಗೋದು. ರೇಸ್ ಬಿಟ್ಟರೆ ಆಫ್ ಆಗೋದು. "ಎಂಜಿನ್ ಹೋಗಿದೆ, ಬೋರ್ ಮಾಡಿಸಿ" ಅಂದರು ಯಾರೋ. ಅಕ್ಕ ಓಲೆ ಅಡವಿಡಲು ಹೊರಟರು.

"ತಡೀರಿ ಅಕ್ಕ, ಮೊದಲು ಪರೀಕ್ಷೆ ಮಾಡಿಸೋಣ" ಅಂದೆವು.

ಎಂಜಿನ್ನಿನೊಳಗೆ ಪಿಸ್ಟನ್ ಇದೆ. ಅದು ಕೆಳಗೆ ಇಳಿಯುವಾಗ ಗಾಳಿ, ಪೆಟ್ರೋಲನ್ನು ಒಳಗೆ ಎಳೆಯುತ್ತದೆ. ಮೇಲೆ ಬರುವಾಗ ಅದುಮುತ್ತದೆ. ಈ ಅದುಮುವಿಕೆಯೇ ಕಂಪ್ರೆಷನ್. ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ಬೆರಳಿಗೆ ಒತ್ತಡ ತಿಳಿಯುತ್ತದೆ.

ಗಾಳಿ ಎರಡು ಕಡೆ ಸೋರಬಹುದು.

1. ಎಳೆಯುವ ದಾರಿಯಲ್ಲಿ: ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ರಬ್ಬರ್ ಕೊಳವೆ ಇರುತ್ತದೆ. ಅದು ಬಿರುಕು ಬಿಟ್ಟರೆ ಹೊರಗಿನ ಗಾಳಿ ನುಗ್ಗುತ್ತದೆ. ಸಾರಿಗೆ ನೀರು ಹೆಚ್ಚಾದ ಹಾಗೆ, ಪೆಟ್ರೋಲಿಗೆ ಗಾಳಿ ಹೆಚ್ಚಾಗುತ್ತದೆ.

2. ಅದುಮುವ ಜಾಗದಲ್ಲಿ: ರಿಂಗು ಸವೆದರೆ, ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಅದುಮಿದ ಗಾಳಿ ತಪ್ಪಿಸಿಕೊಳ್ಳುತ್ತದೆ. ಇದಕ್ಕೆ ಖರ್ಚು ಹೆಚ್ಚು.

ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಅಲ್ಲಿ ಗೇಜ್ ಕೂರಿಸಿದರು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆದರು. ಅಕ್ಕನೇ ಓದಿದರು: "150 ಪೌಂಡ್." ಗ್ಯಾರೇಜಿನ ಪುಸ್ತಕದಲ್ಲೂ ಅದರ ಆಸುಪಾಸಿನ ಅಂಕಿಯೇ ಇತ್ತು. ಕಂಪ್ರೆಷನ್ ಚೆನ್ನಾಗಿದೆ! ಬೋರ್ ಬೇಡ.

ಕೊಳವೆ ಸೋರಿದರೆ ಗೇಜಿನಲ್ಲಿ ಯಾಕೆ ಕಾಣುವುದಿಲ್ಲ? ಅದುಮುವಾಗ ಒಳಬರುವ ವಾಲ್ವ್ ಮುಚ್ಚಿರುತ್ತದೆ. ಕೊಳವೆ ಆ ವಾಲ್ವಿನ ಹೊರಗಿದೆ. ಅದುಮಿದ ಗಾಳಿ ಅಲ್ಲಿಂದ ಹೋಗಲಾರದು.

ಪ್ಲಗ್ ಮತ್ತೆ ಹಾಕಿ ಸ್ಟಾರ್ಟ್ ಮಾಡಿದರು. ಕೊಳವೆಯ ಮೇಲೆ ಸೋಪಿನ ನೀರು ಚಿಮುಕಿಸಿದರು. ಎಂಜಿನ್ ಸದ್ದು ಬದಲಾಯಿತು. ಬಿರುಕು ಸಿಕ್ಕಿತು. ಹೊಸ ಕೊಳವೆ ಹಾಕಿದರು. ಓಲೆ ಅಕ್ಕನ ಕಿವಿಯಲ್ಲೇ ಉಳಿಯಿತು.

ಎಚ್ಚರ: ಸೋರಿಕೆ ಹುಡುಕಲು ಪೆಟ್ರೋಲ್ ಚಿಮುಕಿಸಬಾರದು. ಬೆಂಕಿ ಹತ್ತುತ್ತದೆ.

ನೆನಪಿಡಿ: ಗೇಜಿನ ಅಂಕಿ ಕಡಿಮೆ ಬಂದರೆ, ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡುತ್ತಾರೆ. ಅಂಕಿ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಉತ್ತರ ಬರೆಯಿರಿ:
1. ಕಂಪ್ರೆಷನ್ ಎಂದರೇನು?
2. ಅಕ್ಕ ಗೇಜಿನಲ್ಲಿ ಓದಿದ ಅಂಕಿ ಎಷ್ಟು?
3. ದುಡ್ಡು ಕೊಡುವ ಮುಂಚೆ ನೀವು ಏನು ಕೇಳುತ್ತೀರಿ?