ರೇಖೆಯಿಂದ ಫಲಕಕ್ಕೆ

ಚನ್ನಪಟ್ಟಣದ ಗೊಂಬೆಗಳು ಲೇತ್ ಯಂತ್ರದ ಮೇಲೆ ರೂಪುಗೊಳ್ಳುತ್ತವೆ. ತಿರುಗುತ್ತಿರುವ ಹಾಲೆಮರದ ತುಂಡಿಗೆ ಕುಶಲಕರ್ಮಿಯು ಉಳಿಯಿಂದ ಆಕಾರ ಕೊಡುತ್ತಾನೆ. ಬಣ್ಣದ ಅರಗು ಘರ್ಷಣೆಯ ಶಾಖಕ್ಕೆ ಕರಗಿ ಮರಕ್ಕೆ ಅಂಟುತ್ತದೆ. ಆಟದ ಬಂಡಿಯ ಚಿತ್ರವು ಎಷ್ಟೇ ಸೊಗಸಾಗಿದ್ದರೂ ಅಚ್ಚಿನ ದಪ್ಪಕ್ಕೂ ಚಕ್ರದ ರಂಧ್ರಕ್ಕೂ ಹೊಂದಿಕೆಯಿಲ್ಲದಿದ್ದರೆ ಬಂಡಿ ಓಡದು. ಗೆರೆಯು ವಸ್ತುವಾಗುವಾಗ ಅಳತೆಯೇ ಅದರ ಪ್ರಾಣ.

ರೇಡಿಯೋ, ಗಣಕಯಂತ್ರ ಮೊದಲಾದವುಗಳ ಒಳಗಿರುವ ಮುದ್ರಿತ ವಿದ್ಯುನ್ಮಂಡಲ ಫಲಕಕ್ಕೂ ಇದೇ ನಿಯಮವು ಅನ್ವಯಿಸುತ್ತದೆ. ಆಸ್ಟ್ರಿಯಾದ ಎಂಜಿನಿಯರ್ ಪೌಲ್ ಐಸ್ಲರನು 1936ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಇಂತಹ ಫಲಕವನ್ನು ರೇಡಿಯೋವೊಂದಕ್ಕೆ ಅಳವಡಿಸಿದನು. ಹಲಗೆಗೆ ಅಂಟಿಸಿದ ತಾಮ್ರದ ತೆಳುಹಾಳೆಯಲ್ಲಿ ಬೇಕಾದ ಭಾಗವನ್ನು ಉಳಿಸಿ ಮಿಕ್ಕುದನ್ನು ದ್ರಾವಣದಲ್ಲಿ ಕರಗಿಸಿದರೆ, ತಾಮ್ರದ ಗೆರೆಗಳೇ ತಂತಿಗಳ ಕೆಲಸವನ್ನು ಮಾಡುತ್ತವೆ. ಬಿಡಿಭಾಗವೊಂದರ ಕಾಲುಗಳನ್ನು ಬೆಸೆಯಲು ಬಿಟ್ಟ ತಾಮ್ರದ ಗುರುತುಗಳ ಜೋಡಣೆಗೆ ‘ಫುಟ್‌ಪ್ರಿಂಟ್’, ಎಂದರೆ ಹೆಜ್ಜೆಗುರುತು, ಎಂದು ಹೆಸರು.

ಈಗ ಹೆಜ್ಜೆಗುರುತನ್ನು ಗಣಕಯಂತ್ರದಲ್ಲಿ ಬರೆಯುತ್ತಾರೆ. ‘ವೆಕ್ಟರ್’ ಚಿತ್ರದಲ್ಲಿ ಗೆರೆಗಳು ಬಿಂದುಗಳ ಸ್ಥಾನಗಳಾಗಿ, ವಕ್ರರೇಖೆಯ ಸೂತ್ರಗಳಾಗಿ ಅಡಗಿರುತ್ತವೆ. ಅದನ್ನು ಹೆಜ್ಜೆಗುರುತಾಗಿ ಮಾರ್ಪಡಿಸಲು ಮೂರು ಕೆಲಸಗಳು ನಡೆಯಬೇಕು. ಮೊದಲನೆಯದಾಗಿ, ವಕ್ರರೇಖೆಗಳನ್ನು ಅತಿ ಚಿಕ್ಕ ಸರಳರೇಖೆಗಳಾಗಿ ಒಡೆಯಬೇಕು. ಎರಡನೆಯದಾಗಿ, ಯಾವ ಗೆರೆ ತಾಮ್ರ, ಯಾವುದು ರಂಧ್ರ, ಯಾವುದು ಬರಿಯ ಶಾಯಿಯ ಬರಹ ಎಂದು ಪದರಗಳನ್ನು ವಿಂಗಡಿಸಬೇಕು. ಶಾಯಿಯ ಪದರಕ್ಕೆ ‘ಸಿಲ್ಕ್‌ಸ್ಕ್ರೀನ್’ ಎಂದು ಹೆಸರು. ಚೌಕಟ್ಟಿಗೆ ಬಿಗಿದ ರೇಷ್ಮೆಬಟ್ಟೆಯ ಮೂಲಕ ಶಾಯಿಯನ್ನು ಒತ್ತುತ್ತಿದ್ದ ಮುದ್ರಣಕ್ರಮದಿಂದ ಅದು ಬಂದಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೂ ಕನಕಪುರ, ಮಾಗಡಿಗಳ ಹಿಪ್ಪುನೇರಳೆ ತೋಟಗಳನ್ನೂ ಕಂಡವರಿಗೆ ಈ ಹೆಸರಿನ ಮೂಲವು ಸುಲಭವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಜಾಲರಿಯು ಈಗ ಪಾಲಿಯೆಸ್ಟರಿನದಾದರೂ ಹೆಸರು ಮಾತ್ರ ರೇಷ್ಮೆಯದಾಗಿಯೇ ಉಳಿದಿದೆ.

ಮೂರನೆಯದು ಅಳತೆ; ಎಲ್ಲಕ್ಕಿಂತಲೂ ಮುಖ್ಯವಾದುದು ಇದೇ. ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶವು ಮೊದಲು ಒಂದು ಅಂಗುಲಕ್ಕೆ 90 ಮಾನಗಳನ್ನು ಎಣಿಸುತ್ತಿತ್ತು. 2017ರ ಆವೃತ್ತಿಯಿಂದ 96 ಮಾನಗಳನ್ನು ಎಣಿಸತೊಡಗಿತು. ಹೊಸ ಲೆಕ್ಕದ ಚಿತ್ರವನ್ನು ಹಳೆಯ ಲೆಕ್ಕದಲ್ಲಿ ಓದಿದರೆ, ಎರಡು ಕಾಲುಗಳ ನಡುವಣ 2.54 ಮಿಲಿಮೀಟರ್ ಅಂತರವು 2.71 ಮಿಲಿಮೀಟರ್ ಆಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು. ಆದರೆ 40 ಕಾಲುಗಳ ಚಿಪ್‌ನ ಒಂದು ಸಾಲಿನಲ್ಲಿ 20 ಕಾಲುಗಳೂ ಅವುಗಳ ನಡುವೆ 19 ಅಂತರಗಳೂ ಇರುತ್ತವೆ. ತಪ್ಪು ಒಂದೊಂದು ಅಂತರಕ್ಕೂ ಕೂಡುತ್ತಾ ಹೋಗಿ, ಕೊನೆಯ ಕಾಲು ತನ್ನ ರಂಧ್ರದಿಂದ 3 ಮಿಲಿಮೀಟರಿಗೂ ಹೆಚ್ಚು ದೂರ ಉಳಿಯುತ್ತದೆ. ಅಂತಹ ಫಲಕವು ನಿರುಪಯುಕ್ತವಾಗುತ್ತದೆ. ಅದಕ್ಕೆ ಬಳಸಿದ ತಾಮ್ರವೂ ಶ್ರಮವೂ ವ್ಯರ್ಥ.

ಆದುದರಿಂದ ಜಾಣ ಕೆಲಸಗಾರನು ಫಲಕವನ್ನು ಮಾಡಿಸುವ ಮುನ್ನ ಚಿತ್ರವನ್ನು ನಿಜಗಾತ್ರದಲ್ಲಿ ಕಾಗದದ ಮೇಲೆ ಮುದ್ರಿಸಿ, ಬಿಡಿಭಾಗವನ್ನು ಅದರ ಮೇಲಿಟ್ಟು ನೋಡುತ್ತಾನೆ. ಒಂದು ಹಾಳೆ ಕಾಗದವು ನೂರು ಫಲಕಗಳನ್ನು ಉಳಿಸಬಲ್ಲದು.