ಸ್ಥಿರಾಸ್ತಿ ಟ್ರಸ್ಟಿನ ಸಮಾಪನ: ಲೆಕ್ಕಪತ್ರ ಬರೆಯುವ ಕ್ರಮ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವರ್ತಕ ಕುಟುಂಬಗಳಲ್ಲಿ ಹಿರಿಯರು ಸಂಪಾದಿಸಿದ ಮಳಿಗೆ, ಗೋದಾಮು, ನಿವೇಶನಗಳನ್ನು ಖಾಸಗಿ ಟ್ರಸ್ಟಿನ ಹೆಸರಿನಲ್ಲಿ ಇಡುವುದುಂಟು. ಮುಂದಿನ ತಲೆಮಾರಿನವರು ಬೇರೆ ಬೇರೆ ಊರು ಸೇರಿದ ಮೇಲೆ ಆಸ್ತಿಯನ್ನು ಮಾರಿ, ಹಣ ಹಂಚಿಕೊಂಡು, ಟ್ರಸ್ಟನ್ನು ಮುಚ್ಚುವ ತೀರ್ಮಾನ ಬರುತ್ತದೆ. ಆ ದಿನದಿಂದ ಲೆಕ್ಕಪತ್ರ ಬರೆಯುವ ಕ್ರಮವೂ ಬದಲಾಗಬೇಕು. ಬದಲಾಗದಿದ್ದಲ್ಲಿ ಫಲಾನುಭವಿಗಳ ನಡುವೆ ವಿರಸ ಹುಟ್ಟುವುದು ಮಾತ್ರವಲ್ಲ, ಟ್ರಸ್ಟಿಯು ಸ್ವಂತ ಕೈಯಿಂದ ಹಣ ತುಂಬಬೇಕಾದ ಪ್ರಸಂಗವೂ ಒದಗಬಹುದು.

ಕಾನೂನಿನ ಚೌಕಟ್ಟು

ಖಾಸಗಿ ಟ್ರಸ್ಟುಗಳಿಗೆ 1882ರ ಭಾರತೀಯ ಟ್ರಸ್ಟ್ ಅಧಿನಿಯಮವು ಅನ್ವಯಿಸುತ್ತದೆ. ಅದರ 19ನೆಯ ಕಲಂ ಪ್ರಕಾರ ಸ್ಪಷ್ಟವಾದ ಲೆಕ್ಕ ಇಡುವುದು ಮತ್ತು ಫಲಾನುಭವಿ ಕೇಳಿದಾಗ ಮಾಹಿತಿ ಒದಗಿಸುವುದು ಟ್ರಸ್ಟಿಯ ಕರ್ತವ್ಯ. ಕರಾರು ಮಾಡಲು ಅರ್ಹರಾದ ಎಲ್ಲ ಫಲಾನುಭವಿಗಳು ಒಮ್ಮತದಿಂದ ಕೇಳಿದರೆ ಟ್ರಸ್ಟಿನ ಆಸ್ತಿಯನ್ನು ಅವರಿಗೆ ವರ್ಗಾಯಿಸಿಕೊಳ್ಳಲು 56ನೆಯ ಕಲಂ ಅವಕಾಶ ನೀಡುತ್ತದೆ. ಟ್ರಸ್ಟ್ ಯಾವಾಗ ಅಂತ್ಯಗೊಳ್ಳುತ್ತದೆ ಎಂಬುದನ್ನು 77ನೆಯ ಕಲಂ ಹೇಳುತ್ತದೆ. ಫಲಾನುಭವಿಗಳಲ್ಲಿ ಅಪ್ರಾಪ್ತ ವಯಸ್ಕರಿದ್ದರೆ ಅಥವಾ ಟ್ರಸ್ಟ್ ಪತ್ರದಲ್ಲಿ ಮಾರಾಟದ ಅಧಿಕಾರವಿಲ್ಲದಿದ್ದರೆ ಮೊದಲು ವಕೀಲರ ಸಲಹೆ ಪಡೆಯುವುದು ಅವಶ್ಯ. ಧರ್ಮಾರ್ಥ ಟ್ರಸ್ಟುಗಳ ಆಸ್ತಿಯನ್ನು ಹೀಗೆ ಹಂಚಿಕೊಳ್ಳಲು ಬರುವುದಿಲ್ಲ. ಈ ಲೇಖನ ಅವುಗಳಿಗೆ ಸಂಬಂಧಿಸಿದ್ದಲ್ಲ.

ಕರ್ನಾಟಕದಲ್ಲೇ ನಡೆದ ಒಂದು ಪ್ರಕರಣ ಇಲ್ಲಿ ಪಾಠವಾಗಬಲ್ಲದು. ಮ್ಯೂಚುಯಲ್ ಫಂಡ್ ಸಹ ಟ್ರಸ್ಟ್ ರೂಪದ ಸಂಸ್ಥೆಯೇ. ಫ್ರಾಂಕ್ಲಿನ್ ಟೆಂಪಲ್ಟನ್ ಫಂಡಿನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ 2020ರ ಏಪ್ರಿಲ್ 23ರಂದು ಪ್ರಕಟಿಸಲಾಯಿತು. ಹೂಡಿಕೆದಾರರ ಬಹುಮತದ ಒಪ್ಪಿಗೆಯಿಲ್ಲದೆ ಹಾಗೆ ಮುಚ್ಚುವಂತಿಲ್ಲ ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 24ರಂದು ತೀರ್ಪಿತ್ತಿತು. ನಂತರ ಮತದಾನ ನಡೆದು, 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮಾನ್ಯ ಮಾಡಿತು. ಹಣ ಕೈಸೇರಿದಂತೆ ಕಂತುಗಳಲ್ಲಿ ಹಂಚಿಕೆಯಾಯಿತು. ಮೊದಲು ಒಪ್ಪಿಗೆ, ಬಳಿಕ ವಸೂಲಿ, ಕೊನೆಗೆ ಕಂತು ಕಂತಾಗಿ ಹಂಚಿಕೆ ಎಂಬ ಕ್ರಮವು ಕುಟುಂಬದ ಟ್ರಸ್ಟಿಗೂ ಸಲ್ಲುತ್ತದೆ.

ಬದಲಾಗುವುದೇನು?

ಸಾಮಾನ್ಯ ಅಢಾವೆ ಪತ್ರಿಕೆಯನ್ನು ಸಂಸ್ಥೆ ಮುಂದುವರಿಯುತ್ತದೆ ಎಂಬ ಗ್ರಹಿಕೆಯ ಮೇಲೆ ತಯಾರಿಸಲಾಗುತ್ತದೆ. ಭಾರತೀಯ ಲೆಕ್ಕಪತ್ರ ಮಾನದಂಡ 1 ಇದನ್ನು ಮೂರು ಮೂಲ ಗ್ರಹಿಕೆಗಳಲ್ಲಿ ಒಂದೆಂದು ಹೆಸರಿಸಿದೆ. ಅದನ್ನು ಅನುಸರಿಸದಿದ್ದಲ್ಲಿ ಆ ಸಂಗತಿಯನ್ನು ಪ್ರಕಟಿಸಬೇಕು. ಅಮೆರಿಕದಲ್ಲಿ 2013ರಲ್ಲಿ ಹೊರಬಂದ ನಿಯಮವು ಸಮಾಪನದಲ್ಲಿರುವ ಸಂಸ್ಥೆಗಳ ಲೆಕ್ಕಕ್ಕೆ ನಿರ್ದಿಷ್ಟ ಕ್ರಮವನ್ನು ಹಾಕಿಕೊಟ್ಟಿತು. ನ್ಯೂಯಾರ್ಕ್ ರೀಟ್ ಎಂಬ ಸ್ಥಿರಾಸ್ತಿ ಸಂಸ್ಥೆಯು 2017ರಲ್ಲಿ ಈ ಕ್ರಮಕ್ಕೆ ಬಂದಿತು. ಅದರ ಸಾರಾಂಶ ಹೀಗಿದೆ:

1. ಆಸ್ತಿಯನ್ನು ಕೊಂಡ ಬೆಲೆಗೆ ತೋರಿಸದೆ, ಮಾರಾಟದಿಂದ ಬರಬಹುದಾದ ಹಣಕ್ಕೆ ತೋರಿಸಬೇಕು. ಸವಕಳಿ ಬರೆಯುವುದು ನಿಲ್ಲುತ್ತದೆ.

2. ಮಾರಾಟದ ಖರ್ಚು, ಸಮಾಪನ ಮುಗಿಯುವವರೆಗಿನ ನಿರ್ವಹಣಾ ವೆಚ್ಚ ಹಾಗೂ ಬರಬೇಕಾದ ಬಾಡಿಗೆಯನ್ನು ಮೊದಲೇ ಅಂದಾಜು ಮಾಡಿ ಸೇರಿಸಬೇಕು.

3. ಸಾಲ, ಬಾಡಿಗೆದಾರರ ಮುಂಗಡ ಮುಂತಾದ ಜವಾಬ್ದಾರಿಗಳನ್ನು ಪೂರ್ಣವಾಗಿ ತೋರಿಸಬೇಕು. ಬಿಟ್ಟುಕೊಟ್ಟಾರು ಎಂಬ ನಿರೀಕ್ಷೆಯಿಂದ ಕಡಿಮೆ ಮಾಡುವಂತಿಲ್ಲ.

4. ಲಾಭ-ನಷ್ಟದ ಪಟ್ಟಿಯ ಬದಲು ನಿವ್ವಳ ಆಸ್ತಿಯ ಪಟ್ಟಿ ಮತ್ತು ಅದರಲ್ಲಾದ ಬದಲಾವಣೆಯ ಪಟ್ಟಿ ಸಿದ್ಧವಾಗಬೇಕು.

ನಮ್ಮ ಖಾಸಗಿ ಟ್ರಸ್ಟುಗಳಿಗೆ ಆ ನಿಯಮ ಕಡ್ಡಾಯವಲ್ಲ. ಆದರೂ ಫಲಾನುಭವಿಗಳಿಗೆ ವಸ್ತುಸ್ಥಿತಿ ತಿಳಿಸಲು ಇದಕ್ಕಿಂತ ಸ್ಪಷ್ಟವಾದ ಕ್ರಮ ಸಿಗುವುದು ಕಷ್ಟ. ತೆರಿಗೆಗಾಗಿ ಮೂಲ ಖರೀದಿ ಬೆಲೆಯ ಲೆಕ್ಕವನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು.

ಒಂದು ಉದಾಹರಣೆ

ಒಂದು ಕಾಲ್ಪನಿಕ ಟ್ರಸ್ಟನ್ನು ತೆಗೆದುಕೊಳ್ಳೋಣ. ಮೂವರು ಫಲಾನುಭವಿಗಳ ಪಾಲು ಕ್ರಮವಾಗಿ ಅರ್ಧ, ಕಾಲು, ಕಾಲು. ಪುಸ್ತಕದ ಬೆಲೆಯಂತೆ ಚಿತ್ರದುರ್ಗದ ಮಳಿಗೆಗಳು 40 ಲಕ್ಷ, ಹಿರಿಯೂರಿನ ಗೋದಾಮು 25 ಲಕ್ಷ, ಹೊಸದುರ್ಗದ ಕಟ್ಟಡ 10 ಲಕ್ಷ, ಹೊಳಲ್ಕೆರೆಯ ನಿವೇಶನ 5 ಲಕ್ಷ, ಬ್ಯಾಂಕಿನಲ್ಲಿ 6 ಲಕ್ಷ. ಒಟ್ಟು 86 ಲಕ್ಷ ರೂಪಾಯಿ. ಬ್ಯಾಂಕ್ ಸಾಲ 12 ಲಕ್ಷ, ಬಾಡಿಗೆದಾರರ ಮುಂಗಡ 9 ಲಕ್ಷ ಕಳೆದರೆ ಉಳಿಯುವುದು 65 ಲಕ್ಷ.

ಸಮಾಪನದ ಕ್ರಮದಲ್ಲಿ ನಿರೀಕ್ಷಿತ ಬೆಲೆ ಕ್ರಮವಾಗಿ 120, 70, 20 ಮತ್ತು 30 ಲಕ್ಷ. ಒಟ್ಟು 240 ಲಕ್ಷ. ಬ್ಯಾಂಕಿನ 6 ಲಕ್ಷ ಹಾಗೂ ಮಾರಾಟದವರೆಗಿನ ಬಾಡಿಗೆ 6 ಲಕ್ಷ ಸೇರಿದರೆ 252 ಲಕ್ಷ. ಇದರಿಂದ ಸಾಲ ಮತ್ತು ಮುಂಗಡ 21 ಲಕ್ಷ, ದಲ್ಲಾಳಿ ಮತ್ತು ಪತ್ರದ ಖರ್ಚು 5 ಲಕ್ಷ, ಆಸ್ತಿ ತೆರಿಗೆ, ಕಾವಲು, ಲೆಕ್ಕಪರಿಶೋಧನೆ ಮುಂತಾದವು 4 ಲಕ್ಷ, ಆದಾಯ ತೆರಿಗೆಯ ಅಂದಾಜು 22 ಲಕ್ಷ ಕಳೆಯಬೇಕು. ನಿವ್ವಳ ಆಸ್ತಿ 200 ಲಕ್ಷ. ಅರ್ಧ ಪಾಲಿನವರಿಗೆ 100 ಲಕ್ಷ, ಉಳಿದಿಬ್ಬರಿಗೆ ತಲಾ 50 ಲಕ್ಷ. ಇದು ಅಂದಾಜೇ ಹೊರತು ಭರವಸೆಯಲ್ಲ ಎಂಬುದನ್ನು ಪಟ್ಟಿಯಲ್ಲೇ ಬರೆಯಬೇಕು.

ಮೊದಲ ಹಂಚಿಕೆ

ಹಿರಿಯೂರಿನ ಗೋದಾಮು 70 ಲಕ್ಷಕ್ಕೆ ಬದಲು 64 ಲಕ್ಷಕ್ಕೆ ಮಾರಾಟವಾಯಿತೆಂದು ಭಾವಿಸೋಣ. ತೆರಿಗೆಯಲ್ಲಾಗುವ ಅಲ್ಪ ಇಳಿಕೆಯನ್ನು ಬಿಟ್ಟರೆ ನಿವ್ವಳ ಆಸ್ತಿ 194 ಲಕ್ಷಕ್ಕೆ ಇಳಿಯುತ್ತದೆ. ಅರ್ಧ ಪಾಲಿನವರು "64ರಲ್ಲಿ ನಮ್ಮ 32 ಲಕ್ಷ ಕೊಡಿ" ಎಂದು ಕೇಳುವುದು ಸಹಜ. ಆದರೆ ಲೆಕ್ಕ ಬೇರೆಯೇ ಇದೆ.

ಕೈಯಲ್ಲಿರುವ ಹಣ 70 ಲಕ್ಷ. ಇದರಲ್ಲಿ ಬ್ಯಾಂಕ್ ಸಾಲ 12 ಲಕ್ಷ ಹಾಗೂ ಗೋದಾಮಿನ ಬಾಡಿಗೆದಾರರ ಮುಂಗಡ 3 ಲಕ್ಷವನ್ನು ಕೂಡಲೇ ತೀರಿಸಬೇಕು. ಈ ಮಾರಾಟದ ದಲ್ಲಾಳಿ 1 ಲಕ್ಷ, ಈ ಮಾರಾಟದ ತೆರಿಗೆ 6 ಲಕ್ಷ, ಉಳಿದ ಅವಧಿಯ ನಿರ್ವಹಣೆ 4 ಲಕ್ಷ, ಇತರ ಬಾಡಿಗೆದಾರರ ಮುಂಗಡ 6 ಲಕ್ಷ, ಅನಿರೀಕ್ಷಿತ ಖರ್ಚಿಗೆ 6 ಲಕ್ಷ ತೆಗೆದಿಡಬೇಕು. ಒಟ್ಟು 38 ಲಕ್ಷ ಕಳೆದರೆ ಹಂಚಲು ಸಿಗುವುದು 32 ಲಕ್ಷ ಮಾತ್ರ: 16, 8, 8. ಹಂಚಿಕೆಯ ನಂತರದ ನಿವ್ವಳ ಆಸ್ತಿ 162 ಲಕ್ಷ. ಅನಿರೀಕ್ಷಿತ ಖರ್ಚಿನ ನಿಧಿಯು ಜವಾಬ್ದಾರಿಯಲ್ಲ. ಅದು ಫಲಾನುಭವಿಗಳ ಹಣವೇ, ಕೊನೆಯಲ್ಲಿ ಕೊಡತಕ್ಕದ್ದು.

ಒತ್ತಾಯಕ್ಕೆ ಮಣಿದು ಎಲ್ಲವನ್ನೂ ಹಂಚಿಬಿಟ್ಟರೆ, ಮರುದಿನವೇ ಹೊಳಲ್ಕೆರೆಯ ನಿವೇಶನದ ಮೇಲೆ ವ್ಯಾಜ್ಯ ಬಿದ್ದಾಗ ತೆರಿಗೆ ಮತ್ತು ಮುಂಗಡವನ್ನು ಯಾರು ಕೊಡಬೇಕು? ಪಡೆದ ಹಣವನ್ನು ಹಿಂದಿರುಗಿಸುವಂತೆ ಬಂಧುಗಳನ್ನು ಕೇಳುವುದು ಸುಲಭವಲ್ಲ.

ಗಮನಿಸಬೇಕಾದ ಅಂಶಗಳು

50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿ ಮಾರಾಟದಲ್ಲಿ ಕೊಳ್ಳುವವರು ಶೇ. 1ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ. ಮೇಲಿನ ಉದಾಹರಣೆಯಲ್ಲಿ 64,000 ರೂಪಾಯಿ ಕಡಿಮೆ ಬರುತ್ತದೆ. ಅದನ್ನು ಖರ್ಚೆಂದು ಬರೆಯದೆ, ಮುಂಗಡ ಪಾವತಿಸಿದ ತೆರಿಗೆ ಎಂದು ಬರೆಯಬೇಕು. ಮಾರಾಟದ ಬೆಲೆಯು ನೋಂದಣಿಯ ಮಾರ್ಗಸೂಚಿ ಬೆಲೆಗಿಂತ ಬಹಳ ಕಡಿಮೆಯಿದ್ದರೆ ಮಾರ್ಗಸೂಚಿ ಬೆಲೆಯ ಮೇಲೆಯೇ ತೆರಿಗೆ ಬೀಳಬಹುದು. 1961ರ ಆದಾಯ ತೆರಿಗೆ ಅಧಿನಿಯಮದ ಸ್ಥಾನದಲ್ಲಿ 2025ರ ಹೊಸ ಅಧಿನಿಯಮವು 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ಹಳೆಯ ಕಲಂ ಸಂಖ್ಯೆಗಳನ್ನು ನಂಬಿ ಅರ್ಜಿ ತುಂಬಬಾರದು.

ಕೊನೆಯ ಆಸ್ತಿ ಮಾರಾಟವಾದ ನಂತರ ಅಂತಿಮ ಲೆಕ್ಕ ತಯಾರಿಸಿ, ಎಲ್ಲ ಫಲಾನುಭವಿಗಳ ಸಹಿ ಪಡೆದು, ಬಿಡುಗಡೆ ಪತ್ರ ಬರೆಸಿಕೊಳ್ಳಬೇಕು. ತೆರಿಗೆಯ ವ್ಯವಹಾರವೆಲ್ಲ ಮುಗಿದ ಮೇಲೆಯೇ ಬ್ಯಾಂಕ್ ಖಾತೆ ಮುಚ್ಚಬೇಕು. ಪ್ರತಿ ಹಂಚಿಕೆಯ ದಿನ ಒಂದು ಪುಟದ ಪಟ್ಟಿಯನ್ನು ಎಲ್ಲರ ಕೈಗಿಟ್ಟರೆ ಯಾರ ಮನಸ್ಸಿನಲ್ಲೂ ಅನುಮಾನಕ್ಕೆ ಎಡೆಯಿರುವುದಿಲ್ಲ. ಆಸ್ತಿ ಹಂಚಿಹೋದ ನಂತರವೂ ಬಾಂಧವ್ಯ ಉಳಿಯಬೇಕಾದರೆ ಲೆಕ್ಕ ಶುದ್ಧವಾಗಿರುವುದು ಅತ್ಯಗತ್ಯ.