ಗ್ರಹಣವೂ ಗ್ರಹಿಕೆಯೂ

ನಮ್ಮದು ವಿಜ್ಞಾನಯುಗವೆಂದು ಹೇಳುವುದು ವಾಡಿಕೆಯಾಗಿದೆ. ಮನೆಮನೆಯಲ್ಲಿ ವಿದ್ಯುದ್ದೀಪ, ಕೈಯಲ್ಲಿ ದೂರವಾಣಿ, ಆಕಾಶದಲ್ಲಿ ಕೃತಕ ಉಪಗ್ರಹ, ಇವನ್ನೆಲ್ಲ ಕಂಡವರು ಹಾಗೆ ಹೇಳಿದರೆ ಆಶ್ಚರ್ಯವೇನೂ ಇಲ್ಲ. ಆದರೆ ವಿಜ್ಞಾನದ ಫಲವನ್ನು ಅನುಭವಿಸುವುದು ಬೇರೆ, ವಿಜ್ಞಾನದ ಮನೋಧರ್ಮವನ್ನು ಪಡೆಯುವುದು ಬೇರೆ. ಮಾವಿನ ಹಣ್ಣನ್ನು ತಿಂದವರೆಲ್ಲ ಮಾವಿನ ಗಿಡವನ್ನು ಬೆಳೆಸಬಲ್ಲವರಾಗುವುದಿಲ್ಲ. ಈ ಎರಡರ ನಡುವಣ ಅಂತರವು ಎಷ್ಟೆಂಬುದನ್ನು ಅಳೆಯಲು ಗ್ರಹಣಕ್ಕಿಂತ ಉತ್ತಮವಾದ ಅಳತೆಗೋಲು ದೊರೆಯಲಾರದೆಂದು ನನಗೆ ಅನೇಕ ಸಲ ಅನ್ನಿಸಿದೆ. ವಿಜ್ಞಾನದ ಕರಾರುವಾಕ್ಕುತನವೂ ಸಮಾಜದ ತಪ್ಪುಗ್ರಹಿಕೆಯೂ ಒಂದೇ ದಿನ, ಒಂದೇ ಗಳಿಗೆಯಲ್ಲಿ ನಮ್ಮ ಕಣ್ಣೆದುರು ನಿಲ್ಲುವುದು ಆಗಲೇ. ಈ ಲೇಖನದಲ್ಲಿ ಅದನ್ನೇ ಸ್ವಲ್ಪ ವಿಚಾರಮಾಡೋಣ.

ನೆರಳಿನ ಲೆಕ್ಕ

ಗ್ರಹಣವೆಂಬುದು ನೆರಳಿನ ವ್ಯಾಪಾರ. ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರನು ಬಂದರೆ ಅವನ ನೆರಳು ಭೂಮಿಯ ಮೇಲೆ ಬಿದ್ದು ಸೂರ್ಯಗ್ರಹಣವಾಗುತ್ತದೆ. ಸೂರ್ಯನಿಗೂ ಚಂದ್ರನಿಗೂ ನಡುವೆ ಭೂಮಿಯು ಬಂದರೆ ಅದರ ನೆರಳಿನೊಳಗೆ ಚಂದ್ರನು ಹೊಕ್ಕು ಚಂದ್ರಗ್ರಹಣವಾಗುತ್ತದೆ. ಸೂರ್ಯನ ವ್ಯಾಸವು ಚಂದ್ರನ ವ್ಯಾಸದ ಸುಮಾರು 400 ಪಾಲು. ಸೂರ್ಯನ ದೂರವೂ ಚಂದ್ರನ ದೂರದ ಸುಮಾರು 400 ಪಾಲು. ಆದುದರಿಂದಲೇ ಎರಡು ಬಿಂಬಗಳೂ ನಮಗೆ ಹೆಚ್ಚು ಕಡಮೆ ಒಂದೇ ಗಾತ್ರದವಾಗಿ ತೋರುತ್ತವೆ. ಚಂದ್ರನು ನಮಗೆ ಹತ್ತಿರವಿದ್ದರೆ ಸೂರ್ಯನನ್ನು ಪೂರ್ಣವಾಗಿ ಮರೆಮಾಡುತ್ತಾನೆ, ಇದು ಖಗ್ರಾಸ. ದೂರವಿದ್ದರೆ ಸುತ್ತಲೂ ಬೆಳಕಿನ ಬಳೆ ಉಳಿಯುತ್ತದೆ, ಇದು ಕಂಕಣ.

ಹಾಗಾದರೆ ಪ್ರತಿ ಅಮಾವಾಸ್ಯೆಯಲ್ಲಿಯೂ ಸೂರ್ಯಗ್ರಹಣವೇಕೆ ಆಗುವುದಿಲ್ಲ? ಚಂದ್ರನ ಕಕ್ಷೆಯು ಭೂಕಕ್ಷೆಯ ಸಮತಲಕ್ಕೆ ಸುಮಾರು 5 ಡಿಗ್ರಿಗಳಷ್ಟು ಓರೆಯಾಗಿದೆ. ಬಹುಪಾಲು ಅಮಾವಾಸ್ಯೆಗಳಲ್ಲಿ ಚಂದ್ರನ ನೆರಳು ಭೂಮಿಯ ಮೇಲುಗಡೆಯೋ ಕೆಳಗಡೆಯೋ ಹಾದುಹೋಗುತ್ತದೆ. ಚಂದ್ರನ ಹಾದಿಯು ಸೂರ್ಯನ ತೋರಿಕೆಯ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳ ಸಮೀಪದಲ್ಲಿ ಅಮಾವಾಸ್ಯೆ ಒದಗಿದರೆ ಮಾತ್ರ ಗ್ರಹಣ. ನಮ್ಮ ಜ್ಯೋತಿರ್ಗಣಿತದಲ್ಲಿ ರಾಹು, ಕೇತು ಎಂದು ಕರೆದಿರುವುದು ಈ ಎರಡು ಬಿಂದುಗಳನ್ನೇ.

ಇದು ಹೊಸದಾಗಿ ಪರದೇಶದಿಂದ ಬಂದ ತಿಳಿವಳಿಕೆಯಲ್ಲ. ಕ್ರಿ.ಶ. 499ರಲ್ಲಿ 23 ವರ್ಷದ ತರುಣನಾಗಿದ್ದ ಆರ್ಯಭಟನು ಚಂದ್ರನು ಸೂರ್ಯನನ್ನೂ, ಭೂಮಿಯ ನೆರಳು ಚಂದ್ರನನ್ನೂ ಮರೆಮಾಡುವುದೇ ಗ್ರಹಣವೆಂದು ಹೇಳಿ, ಆ ನೆರಳಿನ ಉದ್ದವನ್ನು ಲೆಕ್ಕಹಾಕುವ ವಿಧಾನವನ್ನೂ ಕೊಟ್ಟನು. ಇಂದಿಗೂ ಪಂಚಾಂಗದಲ್ಲಿ ಸ್ಪರ್ಶಕಾಲ, ಮೋಕ್ಷಕಾಲಗಳನ್ನು ಬರೆಯುವವರು ರಾಹುವಿನ ಹಸಿವನ್ನು ವಿಚಾರಿಸಿ ಬರೆಯುವುದಿಲ್ಲ. ಸೂರ್ಯಚಂದ್ರರ ಗತಿಯನ್ನು ಗಣಿತದಿಂದ ತಿಳಿದು ಬರೆಯುತ್ತಾರೆ. ಆ ಲೆಕ್ಕವನ್ನು ಜನರು ನಂಬುತ್ತಾರೆ, ಗಡಿಯಾರ ನೋಡಿ ಸ್ನಾನಕ್ಕೆ ಹೊರಡುತ್ತಾರೆ. ಆದರೆ ಲೆಕ್ಕವು ಯಾವ ತತ್ತ್ವದ ಮೇಲೆ ನಿಂತಿದೆಯೋ ಆ ತತ್ತ್ವವನ್ನು ಮಾತ್ರ ಹೊಸಲಿನ ಹೊರಗೇ ನಿಲ್ಲಿಸುತ್ತಾರೆ.

ಮುಚ್ಚಿದ ಬಾಗಿಲುಗಳು

1980ರ ಫೆಬ್ರುವರಿ 16ರ ಮಧ್ಯಾಹ್ನ ಖಗ್ರಾಸಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ನಮ್ಮ ನಾಡನ್ನು ಪ್ರವೇಶಿಸಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಪೂರ್ಣಗ್ರಾಸವು ಎರಡು ನಿಮಿಷಗಳಿಗೂ ಹೆಚ್ಚು ಕಾಲ ಇದ್ದಿತು. ಅದನ್ನು ನೋಡಲು ದೇಶವಿದೇಶಗಳಿಂದ ವಿಜ್ಞಾನಿಗಳು ಬಂದು ಬೀಡುಬಿಟ್ಟಿದ್ದರು. ಅದೇ ಹೊತ್ತಿನಲ್ಲಿ ದೇಶದ ಅನೇಕ ಊರುಗಳ ಬೀದಿಗಳು ನಿರ್ಜನವಾಗಿದ್ದವು. ಜನರು ಕಿಟಕಿ ಬಾಗಿಲುಗಳನ್ನು ಮುಚ್ಚಿ ಒಳಗೆ ಕುಳಿತಿದ್ದರು. ಒಂದು ಜೀವಮಾನದಲ್ಲಿ ಒಮ್ಮೆ ದೊರೆತರೆ ಪುಣ್ಯವೆನ್ನಬೇಕಾದ ನೋಟವನ್ನು ಹೀಗೆ ಬಾಗಿಲಿನಿಂದಾಚೆಗೆ ಕಳುಹಿಸಿದ್ದಾಯಿತು.

ನೋಟವೊಂದು ತಪ್ಪಿದರೆ ಹೋಗಲಿ ಎನ್ನಬಹುದು. ಆದರೆ ತಪ್ಪುಗ್ರಹಿಕೆಯು ಅಲ್ಲಿಗೇ ನಿಲ್ಲುವುದಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರಿನವರು ಕಂಕಣಗ್ರಹಣದ ಸೊಬಗನ್ನು ನೋಡುತ್ತಿದ್ದ ಬೆಳಿಗ್ಗೆಯೇ, ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲರಾದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ಅಂಗವೈಕಲ್ಯ ವಾಸಿಯಾಗುವುದೆಂಬ ನಂಬಿಕೆಯೇ ಅದಕ್ಕೆ ಕಾರಣ. ಆ ತಂದೆತಾಯಿಗಳು ಕ್ರೂರಿಗಳಲ್ಲ. ಮಗುವಿಗೆ ಹೇಗಾದರೂ ಗುಣವಾಗಲೆಂಬ ಹಂಬಲವೇ ಅವರನ್ನು ಹಾಗೆ ಮಾಡಿಸಿತು. ತಪ್ಪುಗ್ರಹಿಕೆಯ ಭಯಂಕರತೆ ಇರುವುದೇ ಇಲ್ಲಿ. ಅದು ಪ್ರೀತಿಯ ಕೈಯಿಂದಲೂ ಹಿಂಸೆಯನ್ನು ಮಾಡಿಸಬಲ್ಲದು.

ಒನಕೆಯ ಪರೀಕ್ಷೆ

ಇಂಥ ನಂಬಿಕೆಗಳನ್ನು ನಗೆಯಾಡಿ ತಳ್ಳಿಬಿಡುವುದು ಸುಲಭ. ಪರೀಕ್ಷಿಸಿ ನೋಡುವುದು ಸ್ವಲ್ಪ ಕಷ್ಟ, ಆದರೆ ವಿಜ್ಞಾನದ ದಾರಿ ಅದೇ. ನಮ್ಮ ಹಳ್ಳಿಗಳಲ್ಲಿ ಗ್ರಹಣದ ಹೊತ್ತಿಗೆ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಒನಕೆಯನ್ನು ನಿಲ್ಲಿಸುವ ಪದ್ಧತಿಯುಂಟು. ಒನಕೆ ನಿಂತಿರುವವರೆಗೆ ಗ್ರಹಣ ಹಿಡಿದಿದೆಯೆಂದೂ, ಬಿಟ್ಟ ಕೂಡಲೆ ಬೀಳುವುದೆಂದೂ ಹೇಳುತ್ತಾರೆ. ಒನಕೆ ನಿಲ್ಲುವುದು ನಿಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಗ್ರಹಣವಿಲ್ಲದ ದಿನ ಅದು ನಿಲ್ಲುವುದಿಲ್ಲವೆ? ಬುಡ ಚಪ್ಪಟೆಯಾಗಿರುವ ಒನಕೆಯನ್ನು ತೆಗೆದುಕೊಂಡು ಯಾವ ದಿನ ಬೇಕಾದರೂ ಎಚ್ಚರಿಕೆಯಿಂದ ನಿಲ್ಲಿಸಿ ನೋಡಿರಿ. ಗುರುತ್ವಕೇಂದ್ರದಿಂದ ಇಳಿಸಿದ ಲಂಬವು ಬುಡದೊಳಗೆ ಬೀಳುವವರೆಗೆ ಒನಕೆ ನಿಂತೇ ಇರುತ್ತದೆ. ಆಕಾಶದಲ್ಲಿ ಏನು ನಡೆಯುತ್ತಿದೆಯೆಂಬುದು ಅದಕ್ಕೆ ತಿಳಿಯದು. ಹೋಲಿಕೆಗಾಗಿ ಇನ್ನೊಂದು ದಿನ ಇದೇ ಕೆಲಸವನ್ನು ಮಾಡಿ ನೋಡುವ ಈ ಸಣ್ಣ ಅಭ್ಯಾಸವೇ ಪ್ರಯೋಗಶಾಸ್ತ್ರದ ಮೊದಲ ಪಾಠ.

ಗ್ರಹಣಕಾಲದಲ್ಲಿ ಅನ್ನ ಕೆಡುವುದೆಂಬ ಮಾತಿಗೂ ಇದೇ ಪರೀಕ್ಷೆ ಸಾಕು. ಗ್ರಹಣದಲ್ಲಿ ಹೊಸ ಕಿರಣವೇನೂ ಹುಟ್ಟುವುದಿಲ್ಲ. ಇದ್ದ ಬಿಸಿಲೇ ಸ್ವಲ್ಪ ಹೊತ್ತು ಕಡಮೆಯಾಗುತ್ತದೆ, ಅಷ್ಟೆ. ಚಂದ್ರಗ್ರಹಣದಲ್ಲಿ ಚಂದ್ರನನ್ನು ಮುಸುಕುವ ಭೂಮಿಯ ನೆರಳಿನಲ್ಲಿಯೇ ನಾವೆಲ್ಲರೂ ಪ್ರತಿ ರಾತ್ರಿಯೂ ಕುಳಿತು ಊಟಮಾಡುತ್ತೇವೆ. ರಾತ್ರಿಯೆಂಬುದು ಆ ನೆರಳಿಗೆ ನಾವಿಟ್ಟಿರುವ ಇನ್ನೊಂದು ಹೆಸರು.

ಒಂದು ಎಚ್ಚರಿಕೆ ಮಾತ್ರ ಸಂಪೂರ್ಣವಾಗಿ ನಿಜ: ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು. ಅಪಾಯವಿರುವುದು ಸೂರ್ಯನ ಪ್ರಖರತೆಯಲ್ಲಿ. ಯಾವ ದಿನ ದಿಟ್ಟಿಸಿದರೂ ಕಣ್ಣಿಗೆ ಕೇಡೇ. ಇತರ ದಿನಗಳಲ್ಲಿ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಗ್ರಹಣದ ದಿನ ಬೆಳಕು ಕುಗ್ಗಿರುವುದರಿಂದ ದಿಟ್ಟಿಸಲು ಸಾಧ್ಯವಾಗುತ್ತದೆ. ಉಳಿದಿರುವ ಬಿಂಬದ ಚೂರು ಮೊದಲಿನಷ್ಟೇ ಪ್ರಖರವಾಗಿದ್ದು ಅಕ್ಷಿಪಟಲವನ್ನು ಸುಡುತ್ತದೆ. ಅಲ್ಲಿ ನೋವನ್ನು ತಿಳಿಸುವ ನರಗಳಿಲ್ಲದ ಕಾರಣ ಸುಟ್ಟುದು ಆಗ ತಿಳಿಯುವುದೂ ಇಲ್ಲ. ಈ ನಿಜವಾದ ಎಚ್ಚರಿಕೆಯನ್ನೂ ಕಲ್ಪಿತವಾದ ಭಯಗಳನ್ನೂ ಒಂದೇ ಮೂಟೆಯಲ್ಲಿ ಕಟ್ಟಿದುದರಿಂದ ಎರಡು ವಿಧದ ನಷ್ಟವಾಗಿದೆ. ಎಲ್ಲವನ್ನೂ ನಂಬಿದವರು ಬಾಗಿಲು ಮುಚ್ಚುತ್ತಾರೆ. ಎಲ್ಲವನ್ನೂ ತಳ್ಳಿದವರು ಕಣ್ಣನ್ನು ಕಳೆದುಕೊಳ್ಳುತ್ತಾರೆ.

ನಾಲ್ಕು ಕಲಮುಗಳ ಲೆಕ್ಕ

ಗರ್ಭಿಣಿಯರು ಗ್ರಹಣವನ್ನು ನೋಡಿದರೆ ಸೀಳುತುಟಿಯ ಮಗು ಹುಟ್ಟುವುದೆಂಬ ಭಯ ಬಹಳ ಬಲವಾದುದು. ಇದಕ್ಕಾಗಿ ತುಂಬುಬಸುರಿಯರನ್ನು ಗಂಟೆಗಟ್ಟಲೆ ಅನ್ನನೀರಿಲ್ಲದೆ ಕತ್ತಲೆಕೋಣೆಯಲ್ಲಿ ಕೂಡಿಸುವುದುಂಟು. ಮೇಲುದುಟಿಯು ರೂಪುಗೊಳ್ಳುವುದು ಗರ್ಭಧಾರಣೆಯಾದ ಮೊದಲ ಎರಡು ತಿಂಗಳುಗಳೊಳಗೆ. ಆದುದರಿಂದ ಏಳನೆಯ ತಿಂಗಳಲ್ಲಿ ಕಂಡ ಗ್ರಹಣವು ಆಗಲೇ ಕೂಡಿಕೊಂಡಿರುವ ತುಟಿಯನ್ನು ಮರಳಿ ಸೀಳಲಾರದು. ಆದರೂ, "ನಮ್ಮ ನೆರೆಮನೆಯಲ್ಲಿಯೇ ಹೀಗಾಯಿತಲ್ಲ!" ಎನ್ನುವವರಿಗೆ ಏನು ಹೇಳಬೇಕು?

ಅವರಿಗೆ ನಾಲ್ಕು ಕಲಮುಗಳ ಒಂದು ಪಟ್ಟಿಯನ್ನು ಹಾಕಿಕೊಡಬೇಕು. ಗ್ರಹಣ ನೋಡಿದ ತಾಯಿ, ಸೀಳುತುಟಿಯ ಮಗು. ನೋಡಿದ ತಾಯಿ, ನೆಟ್ಟಗಿರುವ ಮಗು. ನೋಡದ ತಾಯಿ, ಸೀಳುತುಟಿಯ ಮಗು. ನೋಡದ ತಾಯಿ, ನೆಟ್ಟಗಿರುವ ಮಗು. ನಮ್ಮ ನೆನಪು ಸದಾ ಮೊದಲನೆಯ ಕಲಮನ್ನು ಮಾತ್ರ ತುಂಬಿಕೊಂಡು ಉಳಿದ ಮೂರನ್ನು ಖಾಲಿ ಬಿಡುತ್ತದೆ. ಗ್ರಹಣವಿರಲಿ, ಇಲ್ಲದಿರಲಿ, ಹೆಚ್ಚು ಕಡಮೆ ಸಾವಿರ ಶಿಶುಗಳಿಗೊಂದರಂತೆ ಸೀಳುತುಟಿಯೊಡನೆ ಹುಟ್ಟುತ್ತವೆ. ಇಷ್ಟು ದೊಡ್ಡ ದೇಶದಲ್ಲಿ ಮೊದಲನೆಯ ಕಲಮಿಗೆ ಒಂದು ಉದಾಹರಣೆ ಎಲ್ಲಾದರೂ ದೊರೆತೇ ದೊರೆಯುವುದು. ನಾಲ್ಕು ಕಲಮುಗಳನ್ನೂ ತುಂಬಿ ಹೋಲಿಸಿದ ಮೇಲೆ ಉಳಿಯುವ ಸಂಬಂಧವೇ ಪ್ರಮಾಣ, ಮಿಕ್ಕದ್ದು ಕಥೆ. ಈ ಮಾತು ಗ್ರಹಣಕ್ಕೆ ಮಾತ್ರವಲ್ಲ, ಪತ್ರಿಕೆಯಲ್ಲಿ ಕಾಣುವ ಔಷಧದ ಜಾಹೀರಾತಿಗೂ ಸಲ್ಲುತ್ತದೆ.

ಹಳದಿಯ ಒಂದು ರೇಖೆ

ಸುಶಿಕ್ಷಿತರಲ್ಲಿಯೇ ಹೆಚ್ಚಾಗಿ ಕಾಣುವ ಇನ್ನೊಂದು ತಪ್ಪುಗ್ರಹಿಕೆಯಿದೆ. "ವಿಜ್ಞಾನಿಗಳು ಇಂದು ಒಂದು ಹೇಳುತ್ತಾರೆ, ನಾಳೆ ಇನ್ನೊಂದು, ಅವರನ್ನು ನಂಬುವುದು ಹೇಗೆ?" ಎಂಬುದು ಅವರ ಆಕ್ಷೇಪ. ಇದಕ್ಕೂ ಗ್ರಹಣವೇ ಉತ್ತರ ಕೊಡಲಿ.

1868ರ ಆಗಸ್ಟ್ 18ರ ಖಗ್ರಾಸವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದನು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ವರ್ಣಪಟಲದರ್ಶಕವನ್ನು ಹೂಡಿದನು. ಸೂರ್ಯನ ಅಂಚಿನಿಂದ ಮೇಲೇಳುವ ಜ್ವಾಲೆಗಳ ಬೆಳಕಿನಲ್ಲಿ ಕಂಡ ರೇಖೆಗಳಲ್ಲಿ ಒಂದು, ಹಳದಿಯ ಕಡೆಯದು, ಸೋಡಿಯಂ ಧಾತುವಿನದಿರಬೇಕೆಂದು ಮೊದಲು ತೋರಿತು. ಕೆಲವು ವಾರಗಳ ಮೇಲೆ ಇಂಗ್ಲೆಂಡಿನಲ್ಲಿ ಲಾಕ್ಯರನು ಸೂಕ್ಷ್ಮವಾಗಿ ಅಳೆದಾಗ ಅದು ಸೋಡಿಯಂ ರೇಖೆಗಳಿಂದ ಸ್ವಲ್ಪ ಸರಿದಿರುವುದು ಕಂಡಿತು. ಸೋಡಿಯಂ ರೇಖೆಗಳ ತರಂಗಾಂತರ 589.0 ಮತ್ತು 589.6 ನ್ಯಾನೊಮೀಟರ್, ಇದರದು 587.6. ಇಷ್ಟೇ ಅಂತರವು ಹೊಸ ಧಾತುವೊಂದರ ಸುಳಿವಾಯಿತು. ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಂ ಎಂದರು. ಅನೇಕರು ಸಂಶಯಪಟ್ಟರು. 27 ವರ್ಷಗಳ ತರುವಾಯ, 1895ರಲ್ಲಿ, ರ‍್ಯಾಮ್ಸೆಯು ಯುರೇನಿಯಂ ಇರುವ ಒಂದು ಖನಿಜದಿಂದ ಹೊರಬಂದ ಅನಿಲದಲ್ಲಿ ಅದೇ ರೇಖೆಯನ್ನು ಕಂಡನು. ಸಂಶಯ ತೀರಿತು.

ಮೊದಲ ಊಹೆಗೇ ಎಲ್ಲರೂ ಅಂಟಿಕೊಂಡಿದ್ದರೆ ಹೀಲಿಯಂ ದೊರೆಯುತ್ತಿತ್ತೆ? ಮಾತು ಬದಲಾಯಿತೆಂದು ಗೊಣಗುವವರು ಅಳತೆ ಉತ್ತಮವಾದುದನ್ನು ಮರೆಯುತ್ತಾರೆ. ಹೊಸ ಅಳತೆಗೆ ತಲೆಬಾಗುವ ಶಾಸ್ತ್ರವನ್ನು ನಂಬಬಹುದು. ಯಾವ ಅಳತೆಗೂ ಬಾಗದುದನ್ನು ನಂಬುವುದೇ ಅಪಾಯ. ಹಾಗೆಂದು ಎಲ್ಲವೂ ದಿನದಿನವೂ ಬದಲಾಗುವುದೆಂದು ತಿಳಿಯಬಾರದು. ಆರ್ಯಭಟನು ಹೇಳಿದ ನೆರಳು 1500 ವರ್ಷಗಳ ಪರೀಕ್ಷೆಯಲ್ಲಿ ಗೆದ್ದು ಹಾಗೆಯೇ ಉಳಿದಿದೆ.

ನಮ್ಮ ಕರ್ತವ್ಯ

ಇಷ್ಟನ್ನೆಲ್ಲ ಆಲೋಚಿಸಿದಾಗ ನನಗೆ ತೋರುವುದು ಇದು. ಜನರಲ್ಲಿ ವಿಷಯಜ್ಞಾನದ ಕೊರತೆಯಿರುವುದು ದೊಡ್ಡ ತೊಡಕಲ್ಲ. ಗ್ರಹಣದ ಚಿತ್ರವನ್ನು ಶಾಲೆಯಲ್ಲಿ ಬರೆದು ಅಂಕ ಪಡೆದವರೇ ಮನೆಯಲ್ಲಿ ಅನ್ನದ ಪಾತ್ರೆಗೆ ದರ್ಭೆ ಹಾಕುತ್ತಾರೆ. ವಿಜ್ಞಾನವನ್ನು ಇನ್ನೊಂದು ಆಪ್ತವಾಕ್ಯದಂತೆ, ದೊಡ್ಡವರು ಹೇಳಿದ ಮಾತಿನಂತೆ ಕಲಿತುದೇ ತೊಡಕಿಗೆ ಮೂಲ. ಇದರಲ್ಲಿ ವಿಜ್ಞಾನವನ್ನು ಬೋಧಿಸುವವರ ಪಾಲೂ ಇದೆ. "ನಾನು ಹೇಳುತ್ತೇನೆ, ನಂಬಿರಿ" ಎಂದರೆ ಒಂದು ನಂಬಿಕೆಯ ಜಾಗದಲ್ಲಿ ಇನ್ನೊಂದನ್ನು ಕೂಡಿಸಿದಂತಾಯಿತು. "ಬನ್ನಿ, ಕೂಡಿ ನೋಡೋಣ" ಎಂದಾಗ ಮಾತ್ರ ವಿಜ್ಞಾನವು ಮನೆಯೊಳಕ್ಕೆ ಬರುತ್ತದೆ.

ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿದ 51-ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಈ ಕರ್ತವ್ಯವು ಅಜ್ಜಿಯನ್ನು ಹಾಸ್ಯಮಾಡುವುದರಿಂದ ನೆರವೇರುವುದಿಲ್ಲ. ಮೊಮ್ಮಕ್ಕಳ ಕ್ಷೇಮವೇ ಆಕೆಯ ಭಯಕ್ಕೆ ಕಾರಣವೆಂಬುದನ್ನು ಅರಿತು, ಅದೇ ಕ್ಷೇಮಕ್ಕಾಗಿ ಆಕೆಯೊಡನೆ ಕುಳಿತು ಒನಕೆಯನ್ನು ನಿಲ್ಲಿಸಬೇಕು.

2031ರ ಮೇ 21ರಂದು ಕಂಕಣಗ್ರಹಣದ ಹಾದಿಯು ಕೇರಳ, ತಮಿಳುನಾಡುಗಳ ಮೇಲೆ ಹೋಗುವುದು. ಕರ್ನಾಟಕದಲ್ಲಿ ಅದು ಪಾರ್ಶ್ವಗ್ರಹಣವಾಗಿ ಕಾಣುವುದು. ಅಂದು ವಿದ್ಯಾರ್ಥಿಗಳು ಒಂದು ರಟ್ಟಿನಲ್ಲಿ ಸೂಜಿಯಿಂದ ರಂಧ್ರಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿಯ ಕಾಗದದ ಮೇಲೆ ಬಿಂಬವನ್ನು ಬೀಳಿಸಲಿ. ರಟ್ಟೂ ಇಲ್ಲದವರು ಹೊಂಗೆಯ ಮರದ ಕೆಳಗೆ ನೆಲವನ್ನು ನೋಡಿದರೂ ಸಾಕು. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಕುಡುಗೋಲಿನಾಕಾರವಾಗಿರುವುವು. ಆ ಹೊತ್ತಿಗೆ ಮನೆಯವರನ್ನೂ ನೆರೆಯವರನ್ನೂ ಅಂಗಳಕ್ಕೆ ಕರೆಯಿರಿ. ಒಂದು ಮನೆಯ ಬಾಗಿಲು ತೆರೆದರೂ, ಒಬ್ಬ ಬಸುರಿಯು ಹೊತ್ತಿಗೆ ಸರಿಯಾಗಿ ಉಂಡರೂ, ನೀವು ಓದಿದ ವಿಜ್ಞಾನವು ಸಾರ್ಥಕವಾಯಿತೆಂದು ತಿಳಿಯಬಹುದು.